ಪದಚರ್ಚೆ: ‘ಅಡ್ಸಾರ್ಪ್ಷನ್’ಗೆ ‘ಹತ್ತು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ದ್ರವದಲ್ಲಿ ಮುಳುಗಿದ ಘನ ವೇಗವರ್ಧಕದ ಮೇಲ್ಮೈಯಲ್ಲಿ ಏನು ನಡೆಯುತ್ತದೆ ಎಂಬುದನ್ನು ರೋಹಿತದ (ಸ್ಪೆಕ್ಟ್ರಮ್‌ನ) ಮೂಲಕ ಕಾಣುವ ಬಗೆಯ ಕುರಿತು ಲೇಖನ ಬರೆಯುತ್ತಿದ್ದೇನೆ. ಒಂದು ವಾಕ್ಯ ಮುಂದಕ್ಕೆ ಹೋಗಲು ಬಿಡುತ್ತಿಲ್ಲ: ‘ಪ್ಲಾಟಿನಂ ಹೀರಿಕೊಂಡ ಕಾರ್ಬನ್ ಮಾನಾಕ್ಸೈಡ್ ಅವಕೆಂಪು ಕಿರಣವನ್ನು ಹೀರಿಕೊಳ್ಳುತ್ತದೆ.’ (ಅವಕೆಂಪು ಎಂದರೆ ಇನ್‌ಫ್ರಾರೆಡ್.) ಮೊದಲನೆಯ ಹೀರಿಕೆ ಅಡ್ಸಾರ್ಪ್ಷನ್, ಎರಡನೆಯದು ಅಬ್ಸಾರ್ಪ್ಷನ್. ಮೊದಲನೆಯದರಲ್ಲಿ ನಿಜವಾಗಿ ಹೀರುವ ಮಾತೇ ಇಲ್ಲ. ಅಣು ಲೋಹದ ಮೈಮೇಲೆ ನಿಲ್ಲುತ್ತದೆ, ಒಳಕ್ಕೆ ಇಳಿಯುವುದಿಲ್ಲ.

ಈ ವ್ಯತ್ಯಾಸವನ್ನು ಬಿಟ್ಟರೆ ಲೇಖನವೇ ಇಲ್ಲ. ನೀರು ಅವಕೆಂಪನ್ನು ಗಟಗಟನೆ ಕುಡಿದುಬಿಡುವುದರಿಂದ, ಜರ್ಮೇನಿಯಂ ಹರಳಿಗೆ ಪ್ಲಾಟಿನಂನ ತೆಳು ಲೇಪ ಕೊಟ್ಟು, ಕಿರಣವನ್ನು ಹರಳಿನ ಒಳಗಿನಿಂದಲೇ ಪ್ರತಿಫಲಿಸುತ್ತಾರೆ. ಅದು ದ್ರವದೊಳಕ್ಕೆ ಒಂದು ಮೈಕ್ರೋಮೀಟರಿಗಿಂತಲೂ ಕಡಿಮೆ ಇಣುಕುತ್ತದೆ. ಅನಿಲವಾಗಿ ಅಲೆಯುವ ಕಾರ್ಬನ್ ಮಾನಾಕ್ಸೈಡ್ ಅವಕೆಂಪನ್ನು ಹೀರುವ ಗುರುತು ರೋಹಿತದಲ್ಲಿ ಸೆಂಟಿಮೀಟರಿಗೆ 2143 ಅಲೆಗಳ ಬಳಿ. ಪ್ಲಾಟಿನಂ ಮೇಲೆ ನಿಂತದ್ದು 2050ರ ಆಸುಪಾಸಿಗೆ ಇಳಿಯುತ್ತದೆ.

‘ಅಧಿಶೋಷಣೆ’ ಎಂಬ ಪದವೇನೋ ಇದೆ. ಆದರೆ ಶೋಷಣೆ ಎಂದ ಕೂಡಲೇ ಓದುಗರಿಗೆ ಜಮೀನುದಾರ ನೆನಪಾಗುತ್ತಾನೆ. ‘ಹೊರಹೀರಿಕೆ’ಯಲ್ಲಿ ಮತ್ತೆ ಅದೇ ಹೀರು. ಅಡ್ಸಾರ್ಪ್ಷನ್ ಪದವನ್ನು 1881ರಲ್ಲಿ ಬಳಕೆಗೆ ತಂದವರು ಜರ್ಮನಿಯ ಹೈನ್‌ರಿಖ್ ಕೈಸರ್. ಸ್ವತಃ ರೋಹಿತಗಳ ಪಂಡಿತರಾಗಿದ್ದೂ ಉಪಸರ್ಗವೊಂದನ್ನೇ ಬದಲಿಸಿ ಈ ಅವಳಿಗಳನ್ನು ನಮ್ಮ ಕೈಗಿತ್ತರು!

ನನಗೆ ಹೊಳೆದದ್ದು ಬಣ್ಣದವರ ಮಾತು: ನೂಲಿಗೆ ಬಣ್ಣ ಹತ್ತುತ್ತದೆ, ಒಗೆದರೆ ಬಣ್ಣ ಬಿಡುತ್ತದೆ. ಬಣ್ಣ ಹತ್ತುವುದೂ ಬಹುಮಟ್ಟಿಗೆ ಇದೇ ಕ್ರಿಯೆ ತಾನೆ? ವೇಗವರ್ಧಕಕ್ಕೂ ಎರಡೂ ಬೇಕು. ಅಣು ಹತ್ತಬೇಕು, ಮಾರ್ಪಡಬೇಕು, ಬಿಡಬೇಕು. ಬಿಡದೆ ಕುಳಿತರೆ ಜಾಗ ಕಟ್ಟಿಹೋಗಿ ಕೆಲಸ ನಿಲ್ಲುತ್ತದೆ. ಪ್ಲಾಟಿನಂಗೆ ಕಾರ್ಬನ್ ಮಾನಾಕ್ಸೈಡ್ ಕೊಡುವ ಕಾಟ ಇದೇ. ‘ಪ್ಲಾಟಿನಂಗೆ ಹತ್ತಿದ ಕಾರ್ಬನ್ ಮಾನಾಕ್ಸೈಡ್ ಅವಕೆಂಪನ್ನು ಹೀರುತ್ತದೆ’ ಎಂದರೆ ಗೊಂದಲವೇ ಇಲ್ಲ.

ಕ್ರಿಯಾಪದ ಸಲೀಸು, ನಾಮಪದದಲ್ಲಿ ತೊಡಕು. ‘ಹತ್ತುವಿಕೆ’ ಎಂದರೆ ಬೆಟ್ಟ ಕಣ್ಣಿಗೆ ಬರುತ್ತದೆ, ‘ಹತ್ತಿಕೆ’ ಎಂದರೆ ಹತ್ತಿ. ‘ಮೈಹತ್ತಿಕೆ’ ನಡೆಯಬಹುದೇ? ಹಾಗೆಯೇ, ಇಂಟರ್‌ಫೇಸಿಗೆ, ಅಂದರೆ ಲೋಹವೂ ದ್ರವವೂ ಕೂಡುವ ಮೈಗೆ, ‘ಅಂತರ್ಮುಖ’ ಬೇಡ, ನಾಚಿಕೆಯ ಹುಡುಗನಂತೆ ಕೇಳಿಸುತ್ತದೆ. ಸದ್ಯಕ್ಕೆ ‘ಸಂಧಿಮೈ’ ಎಂದು ಬರೆದಿದ್ದೇನೆ.

ಇಳಕಲ್ಲು, ಗುಳೇದಗುಡ್ಡದ ಕಡೆಯವರು ಇಲ್ಲಿದ್ದರೆ ತಿಳಿಸಿ: ನೂಲಿಗೆ ಬಣ್ಣ ಹಾಕುವವರು ಈ ಹತ್ತುವುದಕ್ಕೆ ಬೇರೆ ಹೆಸರಿಟ್ಟಿದ್ದಾರೆಯೇ?