ಹಿಕ್ಕೆ ಸಣ್ಣದಾಗಿದೆ, ಯಾರ ಮೊಲಕ್ಕಾದರೂ ಹೀಗಾಗಿತ್ತಾ?

ಚಿಂಟು ಮನೆ, ಬೆಂಗಳೂರು: ಎರಡು ವರ್ಷದ ಗಂಡು ಮೊಲ. ನಿನ್ನೆಯಿಂದ ಹಿಕ್ಕೆ ಕಾಳುಮೆಣಸಿಗಿಂತ ಸಣ್ಣ, ಕೂದಲಲ್ಲಿ ಪೋಣಿಸಿದ ಹಾಗೆ ಬರುತ್ತಿದೆ. ಬೆಳಗ್ಗೆ ಮೆತ್ತಗಿನ ಹಿಕ್ಕೆಯ ಗೊಂಚಲೂ ಬಿದ್ದಿರುತ್ತದೆ. ಪೆಲೆಟ್ (ಅಂಗಡಿಯ ಗುಳಿಗೆಯಂಥ ತಿಂಡಿ) ತಿನ್ನುತ್ತಾನೆ, ಒಣಹುಲ್ಲು ಮೂಸಿ ಬಿಡುತ್ತಾನೆ. ಆಸ್ಪತ್ರೆಗೆ ಓಡಬೇಕಾ, ಕಾಯಬಹುದಾ?

ಬೆಳ್ಳಿಯ ಅಮ್ಮ: ಕಾಯಬೇಡಿ. ನಾನು ಕಾದೆ. ನಮ್ಮ ಮೊಲ ಬೆಳ್ಳಿ, ರಾತ್ರಿ ತಿನ್ನುವುದು ಬಿಟ್ಟವಳು ಬೆಳಗ್ಗೆ ಮೂಲೆಯಲ್ಲಿ ಹಲ್ಲು ಕಡಿಯುತ್ತಾ ಮುದುಡಿ ಕೂತಿದ್ದಳು. ಒಂದು ಹಿಕ್ಕೆಯೂ ಇಲ್ಲ. ಕರುಳು ನಿಂತೇ ಹೋಗಿತ್ತು. ಮೊದಲು ಹೋದ ಕಡೆ "ನಾಯಿ, ಬೆಕ್ಕು ಮಾತ್ರ" ಎಂದರು. ಎರಡನೇ ಕಡೆ ಎಕ್ಸ್‌ರೇ 900, ಡ್ರಿಪ್ಪು ಮತ್ತು ನೋವಿನ ಇಂಜೆಕ್ಷನ್ ದಿನಕ್ಕೆ 750ರಂತೆ 4 ದಿನ, ಸಿರಿಂಜಿನಲ್ಲಿ ಕುಡಿಸುವ ಪುಡಿ 1,650, ಆಟೋ 8 ಸಲ, ಸಲಕ್ಕೆ 170. ಒಟ್ಟು 6,910. ಅವಳನ್ನು ಕೊಂಡಿದ್ದು 600ಕ್ಕೆ! ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಐದನೇ ದಿನ ಟವೆಲ್ ಮೇಲೆ ಮೂರು ಹಿಕ್ಕೆ ಕಂಡಾಗ ಅತ್ತುಬಿಟ್ಟೆ.

ಕೆರೆ ಏರಿ, ತುಮಕೂರು: ಇಷ್ಟೆಲ್ಲ ಯಾಕೆ? 6 ವರ್ಷದಿಂದ 3 ಮೊಲ ಸಾಕಿದ್ದೇನೆ, ಡಾಕ್ಟರಿಗೆ ಒಂದು ಪೈಸೆ ಕೊಟ್ಟಿಲ್ಲ. ದಿನಾ ಗರಿಕೆ. ಹೊರದೇಶದ ತಿಮೋತಿ ಹುಲ್ಲು ತರಿಸುವವರಿಗೆ ದುಡ್ಡು ಜಾಸ್ತಿ. ಗಣೇಶನ ಹಬ್ಬದ ವಾರ ಮಾತ್ರ ನನಗೂ ಕಷ್ಟ, ಏರಿ ಬೋಳಾಗಿರುತ್ತದೆ. ಮೆತ್ತಗಿನ ಗೊಂಚಲು ಬೇಧಿಯಲ್ಲ, ಮೊಲವೇ ಅದನ್ನು ತಿನ್ನಬೇಕು. ಬಿಟ್ಟಿದೆ ಎಂದರೆ ಪೆಲೆಟ್ ಜಾಸ್ತಿಯಾಗಿದೆ, ಅಷ್ಟೇ.

ಬೆಳ್ಳಿಯ ಅಮ್ಮ: ಅಷ್ಟೇ ಅಂತೆ! ಹಿಂದಲ ಹಲ್ಲು ಬೆಳೆದು ಕೆನ್ನೆಗೆ ಚುಚ್ಚಿದರೂ ಹುಲ್ಲು ಬಿಡುತ್ತವೆ. ನಮ್ಮವಳದ್ದು ಅದೇ. ಹಲ್ಲು ತೇಯಿಸಿದ್ದು ಬೇರೆ 2,500, ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.

ಹುಬ್ಬಳ್ಳಿ ಮಂದಿ: ನನ್ನ ಕಥೆ ಕೇಳ್ರಿ. ಆ ಗೊಂಚಲನ್ನೇ ಬೇಧಿ ಅಂದುಕೊಂಡು ಮನೆಯಲ್ಲಿದ್ದ ಮಕ್ಕಳ ಅಮಾಕ್ಸಿಸಿಲಿನ್ ಆ್ಯಂಟಿಬಯಾಟಿಕ್ ಸಿರಪ್ಪು ಕುಡಿಸಿದೆ. ಮೊಲಕ್ಕೆ ಅದು ಬಾಯಿಗೆ ಹಾಕಲೇಬಾರದಂತೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ನಿಜವಾದ ಬೇಧಿ ಆಮೇಲೆ ಶುರುವಾಯಿತು. ಮೂರನೇ ದಿನ ಮೊಲ ಸತ್ತೇ ಹೋಯಿತು. ಎಲ್ಲ "ಡಾಕ್ಟರ್ ಯಾಕೆ" ಅನ್ನುವ ಇಂಥವರ ಮಾತು ಕೇಳಿ.

ಕೆರೆ ಏರಿ, ತುಮಕೂರು: ನಾನು ಸಿರಪ್ಪು ಕುಡಿಸಿ ಅಂದೆನಾ? ಓದಿ ಮಾತಾಡಿ.

ಹುಬ್ಬಳ್ಳಿ ಮಂದಿ: ಓದೇ ಮಾತಾಡಿದ್ದು. ನಿಮ್ಮ ಕೆರೆ ಪಕ್ಕದ ಗದ್ದೆಗೆ ಹೊಡೆಯುವ ಔಷಧಿ ಗರಿಕೆ ಮೇಲೆ ಬೀಳಲ್ವಾ?

ಸುಮ್ನೆ ಓದುವವ: ಅದಿರಲಿ, ಬೆಂಗಳೂರಲ್ಲಿ ಆಟೋ 170ಕ್ಕೆ ಬಂದನಾ? ಮೀಟರ್ ಮೇಲೆ?

ಬೆಳ್ಳಿಯ ಅಮ್ಮ: ನಾನು ಮೈಸೂರು.

ಚಿಂಟು ಮನೆ, ಬೆಂಗಳೂರು: ಮಧ್ಯಾಹ್ನದಿಂದ ಪೆಲೆಟ್ಟೂ ಬಿಟ್ಟಿದ್ದಾನೆ. ಹೊರಟೆವು. ಆಟೋದವನು 260 ಕೇಳಿದ.