ಜಿಪ್ಸಿಯ ಟ್ಯಾಪೆಟ್ ಕವರ್ ಮನೆಯಲ್ಲೇ ಪಾಲಿಶ್: ಮಾಡಿದವರು ಅನುಭವ ಹೇಳಿ

ವಿರಾಜಪೇಟೆ ಜಿಪ್ಸಿ:
ಎಲ್ಲರಿಗೂ ನಮಸ್ಕಾರ. ನನ್ನದು 1998ರ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ ಗಾಡಿ. ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ), ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಹೋಗುವ ಕೊಳವೆ) ಎರಡೂ ಮಂಕಾಗಿ ಬಿಳಿ ಪುಡಿ ಹಿಡಿದಿವೆ. ಬಿಚ್ಚಿ ಮನೆಯಲ್ಲೇ ಮಿರರ್ ಪಾಲಿಶ್ ಮಾಡಬೇಕು ಅಂತಿದ್ದೇನೆ. ಆಯುಧ ಪೂಜೆ ದಿನ ಬಾನೆಟ್ ಎತ್ತಿದರೆ ನೋಡೋ ಹಾಗಿರಬೇಕು. ಒಂದು ಡ್ರಿಲ್ ಇದೆ, ಶೆಡ್ ಇದೆ, 3,000 ರೂಪಾಯಿವರೆಗೆ ಖರ್ಚು ಮಾಡಬಲ್ಲೆ. ಮಳೆ ಶುರುವಾಗಿದೆ, ಕರೆಂಟಿನ ಭರವಸೆ ಇಲ್ಲ. ಕೈಯಲ್ಲೇ ಉಜ್ಜೋದಾ, ಮೋಟಾರ್ ತಗೊಳ್ಳೋದಾ, ಇಲ್ಲ ಮೈಸೂರಿಗೆ ಕೊಡೋದಾ?

ಪೊನ್ನಂಪೇಟೆ ಎಸ್ಟೀಮ್:
ಕೈಯಲ್ಲೇ ಉಜ್ಜಿ. ನನ್ನ ಎಸ್ಟೀಮ್‌ನ ಟ್ಯಾಪೆಟ್ ಕವರ್ ಪೂರ್ತಿ ಕೈಯಲ್ಲಿ ಮಾಡಿದ್ದು. ಒಂದು ಮಳೆಗಾಲ ಹಿಡಿಯಿತು. ಈಗ ಬಾನೆಟ್ ಎತ್ತಿದರೆ ಗ್ಯಾರೇಜಿನ ಹುಡುಗರೆಲ್ಲ ಬಂದು ನಿಲ್ಲುತ್ತಾರೆ.

ಎಲ್ಲರೂ ಕೊನೆಯ ಪಾಲಿಶ್ ಬಗ್ಗೆ ಮಾತಾಡುತ್ತಾರೆ. ನಿಜವಾದ ಕೆಲಸ 120 ನಂಬರಿನ ಮರಳು ಕಾಗದದಲ್ಲಿದೆ (ನಂಬರ್ ಹೆಚ್ಚಿದಷ್ಟೂ ಕಾಗದ ನಯ). ಎರಕದ ಗುಳಿಗುಳಿ ಮೈ ಪೂರ್ತಿ ಹೋಗಬೇಕು. ಅಲ್ಲಿ ಬೇಸರ ಬಂದು ಬಿಟ್ಟರೆ 2000ಕ್ಕೆ ಹೋದ ಮೇಲೂ ಆ ಗುಳಿಗಳು ಕಾಣುತ್ತವೆ. ಆಮೇಲೆ 220, 320, 400, 600, 800, 1000, 1500, 2000. ಒಂದು ನಂಬರ್ ಉದ್ದಕ್ಕೆ ಉಜ್ಜಿದರೆ ಮುಂದಿನದು ಅಡ್ಡಕ್ಕೆ. ಹಿಂದಿನ ಗೀರು ಒಂದೂ ಉಳಿಯದೆ ಹೋದ ಮೇಲೆ ಮಾತ್ರ ಮುಂದಕ್ಕೆ. 400ರಿಂದ ನೀರಿಗೆ ಪಾತ್ರೆ ಸೋಪು ಹಾಕಿಕೊಂಡು ಉಜ್ಜಿದೆ. ಅಕ್ಷರ ಉಬ್ಬಿರುವ ಜಾಗಕ್ಕೆ ಐಸ್‌ಕ್ರೀಮ್ ಕಡ್ಡಿಗೆ ಕಾಗದ ಸುತ್ತಿದೆ.

ಖರ್ಚು ಬರೆದಿಟ್ಟಿದ್ದೇನೆ. 120ರ ಕಾಗದ ಹತ್ತು, 220 ಆಗಿದ್ದು ಆರು, 320 ಮತ್ತು 400 ನಾಲ್ಕು ನಾಲ್ಕು. ಒಂದಕ್ಕೆ 22 ರೂಪಾಯಿ, ಒಟ್ಟು 528. ಅದರ ಮುಂದಿನ ಮೂರು ನಂಬರು 25ರ ಲೆಕ್ಕದಲ್ಲಿ ಒಂಬತ್ತು, 225. 1500 ಮತ್ತು 2000 ಎರಡೆರಡು, 35ರಂತೆ 140. ಇವೆರಡು ಗೋಣಿಕೊಪ್ಪದಲ್ಲಿ ಸಿಗಲಿಲ್ಲ, ಮೈಸೂರಿನಿಂದ ತರಿಸಿದೆ. ಮೆಟಲ್ ಪಾಲಿಶ್ ಟ್ಯೂಬ್ 340. ಒಟ್ಟು 1,233. ಬಟ್ಟೆಗೆ ಹಳೆ ಬನಿಯನ್ನು. ಕರೆಂಟ್ ಬಿಲ್ ಸೊನ್ನೆ.

ಮಡಿಕೇರಿ ಅಂಬಾಸಿಡರ್:
ಮೈಸೂರಿಗೆ ಮಾತ್ರ ಕೊಡಬೇಡಿ. ಬೆಂಗಳೂರಿಗೂ ಬೇಡ. ಯಾರಿಗೂ ಬೇಡ.

ನನ್ನದು 1489 ಸಿಸಿಯ ಹಳೇ ಪೆಟ್ರೋಲ್ ಅಂಬಾಸಿಡರ್. ಅದರ ಟ್ಯಾಪೆಟ್ ಕವರ್ ಅಲ್ಯೂಮಿನಿಯಂ ಅಲ್ಲ, ಕಬ್ಬಿಣದ ತಗಡು ಒತ್ತಿ ಮಾಡಿದ್ದು. ಅದಕ್ಕೆ ಕ್ರೋಮ್ ಹಾಕಿಸೋಣ ಅಂತ ಒಂದು ಅಂಗಡಿಗೆ ಕೊಟ್ಟೆ. ಮೊದಲು ಹೇಳಿದ್ದು 2,200. ಆಮೇಲೆ ತಾಮ್ರದ ಕೋಟಿಂಗಿಗೆ ಬೇರೆ 600. ನೆಗ್ಗು ತೆಗೆಯಲು 500. ಒಳಗಿನ ಎಣ್ಣೆ ಜಿಡ್ಡು ತೆಗೆಯಲು 600. ಒಟ್ಟು 3,900. ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ್ದು, ತರಿಸಿದ್ದು ಬೇರೆ ಲೆಕ್ಕ.

ಬಂದಾಗ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕೂರಿಸಿದರೆ ಸುತ್ತ ಎಣ್ಣೆ ಸೋರಿತು. ಬಫ್ ಮಾಡುವಾಗ (ತಿರುಗುವ ಬಟ್ಟೆ ವೀಲಿಗೆ ಹಿಡಿದು ಹೊಳಪು ಕೊಡುವಾಗ) ಅಂಚನ್ನು ಒತ್ತಿ ಹಿಡಿದು ಬಗ್ಗಿಸಿದ್ದಾರೆ. ಎಣ್ಣೆ ಸೋರದಂತೆ ಅಂಚಿಗೆ ಹಾಕುವ ಕಾರ್ಕ್ ಪ್ಯಾಕಿಂಗ್ ಎಷ್ಟು ಬದಲಿಸಿದರೂ ಅದೇ ಗತಿ. ಎಣ್ಣೆ ಸೀದಾ ಎಕ್ಸಾಸ್ಟ್ ಮೇಲೆ ಬಿದ್ದು ಹೊಗೆ. ಒಂದು ಮಳೆಗಾಲ ಕಳೆಯೋ ಹೊತ್ತಿಗೆ ಕ್ರೋಮ್ ಮೇಲೆ ಕೆಂಪು ಚುಕ್ಕೆ. ತುಕ್ಕು ತಡೆಯೋದು ಕೆಳಗಿರುವ ನಿಕಲ್. ಮೇಲಿನ ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತವೆ. ನಿಕಲ್ ತೆಳ್ಳಗೆ ಹಾಕಿ ಕೈ ತೊಳೆದುಕೊಂಡರು. ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ ಬೀಳೋ ಊರಿನಲ್ಲಿ ಅದು ನಿಲ್ಲುತ್ತಾ? ಫೋನ್ ಮಾಡಿದರೆ "ನಿಮ್ಮ ಊರಿನ ಹವೆ ಸಾರ್" ಅಂದರು.

ಕುಶಾಲನಗರ ಲೇಥ್:
ಮೇಲಿನ ಇಬ್ಬರ ಮಾತೂ ಕೇಳಬೇಡಿ. ಇಪ್ಪತ್ತು ವರ್ಷದಿಂದ ಬಫಿಂಗ್ ಮಾಡುತ್ತಿರುವವನು ಹೇಳುತ್ತಿದ್ದೇನೆ.

ಒಂದು 6 ಇಂಚಿನ ಬೆಂಚ್ ಗ್ರೈಂಡರ್ ತಗೊಳ್ಳಿ. ಹಳೇದು 2,000ಕ್ಕೆ ಸಿಗುತ್ತದೆ. ಕಲ್ಲು ಎರಡೂ ತೆಗೆದು ಹೊರಗಿಡಿ. ಅಲ್ಯೂಮಿನಿಯಂ ಯಾವತ್ತೂ ಆ ಕಲ್ಲಿಗೆ ಹಿಡಿಯಬೇಡಿ, ಕಲ್ಲಿನ ಸಂದಿಗೆ ಮೆತ್ತಿ ಬಿಸಿಯಾಗಿ ಕಲ್ಲೇ ಒಡೆದು ಹಾರಬಹುದು. ಒಂದು ಕಡೆ ನಾರಿನ ವೀಲ್, ಕಂದು ಸೋಪ್ (ವೀಲಿಗೆ ಹಚ್ಚುವ ಪಾಲಿಶ್ ಗಟ್ಟಿ). ಇನ್ನೊಂದು ಕಡೆ ಮೆತ್ತನೆ ಹತ್ತಿ ಬಟ್ಟೆ ವೀಲ್, ಬಿಳಿ ಸೋಪ್. ಒಂದು ವೀಲಿಗೆ ಒಂದೇ ಸೋಪ್, ಬೆರೆಸಿದರೆ ಗೀರು. ಪೀಸನ್ನು ವೀಲಿನ ನಡು ಮಟ್ಟದಿಂದ ಕೆಳಗೆ ಹಿಡಿಯಬೇಕು, ತಪ್ಪಿದರೆ ದೂರಕ್ಕೆ ಹೋಗಿ ಬೀಳಲಿ, ಮುಖಕ್ಕೆ ಬರದಿರಲಿ.

ಆಂಗಲ್ ಗ್ರೈಂಡರಿಗೆ ಬಫ್ ಹಾಕೋ ಹುಡುಗರಿಗೂ ಇದನ್ನೇ ಹೇಳುತ್ತೇನೆ. ನಿಮಿಷಕ್ಕೆ 2800 ಸುತ್ತಿನ ಮೋಟಾರಿಗೆ 6 ಇಂಚಿನ ವೀಲ್ ಹಾಕಿದರೆ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಆಂಗಲ್ ಗ್ರೈಂಡರ್ 11,000 ಸುತ್ತು. 4 ಇಂಚಿನ ವೀಲ್ ಹಾಕಿದರೂ 58 ಮೀಟರ್ ಆಯಿತು. ಮೈ ಸುಟ್ಟು ಮೋಡ ಕಟ್ಟಿದ ಹಾಗೆ ಕಲೆ ಬೀಳುತ್ತದೆ, ಬಟ್ಟೆ ಹರಿದು ಕಣ್ಣಿಗೆ ಬರುತ್ತದೆ.

ಇನ್ನೊಂದು ವಿಷಯ. ಅದೇ ಗ್ರೈಂಡರಿನಲ್ಲಿ ಕತ್ತಿ, ಗುದ್ದಲಿ ಸಾಣೆ ಹಿಡಿಯಬೇಡಿ. ಕಬ್ಬಿಣದ ತುಕ್ಕಿನ ಪುಡಿ, ಅಲ್ಯೂಮಿನಿಯಂ ಪುಡಿ ಒಂದೇ ಕಡೆ ಸೇರಿ ಕಿಡಿ ಬಿದ್ದರೆ ನೀರಿಗೂ ಆರಲ್ಲ. ತೋಟದ ಮನೆಗಳಲ್ಲಿ ಎಲ್ಲದಕ್ಕೂ ಒಂದೇ ಗ್ರೈಂಡರ್ ಇರುತ್ತದೆ, ಅದಕ್ಕೇ ಹೇಳಿದೆ.

ಪೊನ್ನಂಪೇಟೆಯವರು ಒಂದು ಮಳೆಗಾಲ ಉಜ್ಜಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತೇನೆ.

ಪೊನ್ನಂಪೇಟೆ ಎಸ್ಟೀಮ್:
ಲೇಥ್ ಅಣ್ಣ, ನಿಮ್ಮದು ಕುಶಾಲನಗರ. ನಿಮ್ಮಲ್ಲಿ ಮಳೆಯೂ ಕಮ್ಮಿ, ಕರೆಂಟೂ ಇರುತ್ತದೆ. ನಮ್ಮ ಕಡೆ ಜುಲೈನಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ದಿನಗಟ್ಟಲೆ ಕತ್ತಲೆ. ಆಗ ಮೋಟಾರ್ ಇಟ್ಟುಕೊಂಡು ಏನು ಮಾಡಲಿ? ವೀಲ್‌ನಲ್ಲಿ ಮಾಡಿದ ಕವರ್‌ಗಳನ್ನು ನಾನೂ ನೋಡಿದ್ದೇನೆ. ಅಂಚೆಲ್ಲ ಸವೆದು, ಅಕ್ಷರ ಕರಗಿ ಹೋಗಿರುತ್ತವೆ. ನನ್ನದರಲ್ಲಿ ಅಕ್ಷರದ ಮೂಲೆ ಇವತ್ತಿಗೂ ಚೂಪಾಗಿದೆ.

ಕುಶಾಲನಗರ ಲೇಥ್:
ಅಕ್ಷರ ಕರಗೋದು ಕೈ ಗೊತ್ತಿಲ್ಲದವರ ಕೈಯಲ್ಲಿ. ನನ್ನ ಕೆಲಸ ನೋಡದೆ ಮಾತಾಡಬೇಡಿ.

ಗೋಣಿಕೊಪ್ಪ ರ್‍ಯಾಲಿ:
ಹೊರಗೆ ಹೊಳೆದು ಏನು ಪ್ರಯೋಜನ? ಹೇಗೂ ಮ್ಯಾನಿಫೋಲ್ಡ್ ಬಿಚ್ಚುತ್ತೀರಿ, ಒಳಗಿನ ದಾರಿ ಪಾಲಿಶ್ ಮಾಡಿ. ನನ್ನ ಜಿಪ್ಸಿಗೆ ಹೆಡ್ ಬಿಚ್ಚಿ ಇನ್‌ಟೇಕ್, ಎಕ್ಸಾಸ್ಟ್ ಪೋರ್ಟ್ (ಗಾಳಿ ಒಳಹೋಗುವ, ಹೊಗೆ ಹೊರಬರುವ ದಾರಿ) ಎರಡೂ ಮಿರರ್ ಮಾಡಿಸಿದೆ. ಕೂಲಿ 6,500. ಹೆಡ್ ಗ್ಯಾಸ್ಕೆಟ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್, ಕೂಲೆಂಟ್ ಎಲ್ಲ ಸೇರಿ ಇನ್ನೊಂದು 5,800. ಮೇಕೇರಿ ಏರು ಈಗ ಮೂರನೇ ಗೇರಿನಲ್ಲಿ ಹತ್ತುತ್ತೇನೆ.

ಕುಶಾಲನಗರ ಲೇಥ್:
ಇನ್‌ಟೇಕ್ ಮಿರರ್ ಮಾಡಿದ್ದು ದುಡ್ಡು ನೀರಿಗೆ ಹಾಕಿದ ಹಾಗೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ಹನಿಹನಿಯಾಗಿ ಗಾಳಿ ಜೊತೆ ಹೋಗುತ್ತದೆ. ಗೋಡೆ ನುಣ್ಣಗಿದ್ದರೆ ಹನಿ ಅಂಟಿಕೊಂಡು ಹರಿಯುತ್ತದೆ. ಸ್ವಲ್ಪ ತರಿ ಇದ್ದರೆ ಗಾಳಿ ಅಲ್ಲಿ ಕಲಕಿ ಹನಿಯನ್ನು ಎತ್ತಿಕೊಂಡು ಹೋಗುತ್ತದೆ. 80 ನಂಬರಿನ ಕಾಗದದ ಮೈ ಸಾಕು. ಎಕ್ಸಾಸ್ಟ್ ಬೇಕಾದರೆ ನುಣ್ಣಗೆ ಮಾಡಿ, ಮಸಿ ಕಮ್ಮಿ ಹಿಡಿಯುತ್ತದೆ. ನಿಮಗೆ ಪವರ್ ಬಂದಿದ್ದು ವಾಲ್ವ್ ಸರಿಯಾಗಿ ಕೂರಿಸಿದ್ದರಿಂದ.

ಗೋಣಿಕೊಪ್ಪ ರ್‍ಯಾಲಿ:
ಗಾಡಿ ಓಡಿಸುವವನು ನಾನು. 12,300 ಕೊಟ್ಟವನೂ ನಾನು. ಏರಿನಲ್ಲಿ ಆಗೋ ವ್ಯತ್ಯಾಸ ನನಗೆ ಗೊತ್ತಾಗಲ್ವಾ?

ಸಿದ್ದಾಪುರ ಜೀಪ್:
ಜಗಳ ನಿಲ್ಲಿಸಿ, ಪಾಪ ಅವರು ಹಾಳಾಗೋ ಮೊದಲು ಇದನ್ನು ಓದಲಿ.

ನನ್ನ ಗಾಡಿಯ ಹೆಡ್ ಅಲ್ಯೂಮಿನಿಯಂ, ಟ್ಯಾಪೆಟ್ ಕವರೂ ಅದೇ. ಒಂದು ವರ್ಕ್‌ಶಾಪಿನವರು "ಕ್ಲೀನ್ ಮಾಡಿ ಕೊಡುತ್ತೇವೆ" ಅಂತ ಕವರನ್ನು ಕಾಸ್ಟಿಕ್ ಸೋಡಾ ನೀರಿಗೆ ಹಾಕಿದರು. ಕಬ್ಬಿಣಕ್ಕೆ ಅದು ಸರಿ. ಅಲ್ಯೂಮಿನಿಯಂ ಅದರಲ್ಲಿ ನೊರೆ ಬಂದು ಕರಗುತ್ತದೆ, ಬರೋ ಗ್ಯಾಸ್ ಹೈಡ್ರೋಜನ್, ಬೆಂಕಿ ತಗುಲಿದರೆ ಹತ್ತಿಕೊಳ್ಳುತ್ತದೆ. ಕವರ್ ಕಪ್ಪಾಗಿ ಮೈಯೆಲ್ಲ ತೂತು ತೂತು. ಅದನ್ನು ಸರಿ ಮಾಡುತ್ತೇವೆ ಅಂತ ಗಾಳಿಯ ರಭಸದಲ್ಲಿ ಮರಳು ಹೊಡೆಸಿದರು. ಕವರಿನ ಒಳಗೆ ಎಣ್ಣೆ ಹಬೆ ಹೋಗುವ ತಗಡಿನ ಗೂಡು ಇರುತ್ತದಲ್ಲ, ಅದರ ಹಿಂದೆ ಮರಳು ಸಿಕ್ಕಿಕೊಂಡಿತ್ತು. ತೊಳೆದರೂ ಬಂದಿಲ್ಲ. ಗಾಡಿ ಬಿಸಿಯಾದ ಮೇಲೆ ಎಣ್ಣೆ ಜೊತೆ ಇಳಿಯಿತು.

ಕ್ಯಾಮ್ ಗೀರು, ಬೇರಿಂಗ್ ಹೋಯಿತು. ಬೇರಿಂಗ್ ಸೆಟ್ 2,400, ಕ್ರ್ಯಾಂಕ್ ಗ್ರೈಂಡಿಂಗ್ 1,800, ಆಯಿಲ್ ಪಂಪ್ 1,650, ಪ್ಯಾಕಿಂಗ್ ಸೆಟ್ 1,900, ಎಣ್ಣೆ ಎರಡು ಸಲ 2,600, ಕೂಲಿ 9,000. ಹಣ್ಣು ಕೊಯ್ಯೋ ಟೈಮಿನಲ್ಲಿ ಗಾಡಿ ಇಲ್ಲದೆ ಪಿಕಪ್ ಬಾಡಿಗೆಗೆ ತಗೊಂಡೆ. ಅದರ ಲೆಕ್ಕ ನೆನೆಸಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ವರ್ಕ್‌ಶಾಪಿನವರು ಒಂದು ರೂಪಾಯಿ ಕೊಡಲಿಲ್ಲ.

ಭಾಗಮಂಡಲ:
ನಾನು ಪಾಲಿಶ್ ಮಾಡಿ ಬಿಟ್ಟವನು. ನಮ್ಮ ಕಡೆ ಬರೀ ಅಲ್ಯೂಮಿನಿಯಂ ಹೊಳಪು ನಿಲ್ಲಲ್ಲ. ಗಾಳಿ ತಗುಲಿದ ತಕ್ಷಣ ಮೇಲೆ ಆಕ್ಸೈಡ್ ಪದರ ಕೂರುತ್ತದೆ. ಒಣ ಊರಿನಲ್ಲಿ ಅದು ತೆಳ್ಳಗೆ ಇದ್ದು ಲೋಹವನ್ನು ಕಾಯುತ್ತದೆ. ನಮ್ಮಲ್ಲಿ ತಿಂಗಳುಗಟ್ಟಲೆ ಗೋಡೆಯೇ ಬೆವರುತ್ತದೆ, ಬೆಲ್ಟ್, ಚಪ್ಪಲಿಗೆ ಬೂಸ್ಟು ಬರುತ್ತದೆ. ಬಿಳಿ ಪುಡಿ ಬಾರದೆ ಇರುತ್ತಾ? ಮೇಣ ಹಚ್ಚಿ ನೋಡಿದೆ. ಕಾರ್ನುಬಾ ಮೇಣ 80 ಡಿಗ್ರಿ ದಾಟಿದರೆ ಕರಗುತ್ತದೆ, ಎಂಜಿನ್ ಮೇಲೆ ಅದು ಎಲ್ಲಿ ಉಳಿಯಬೇಕು?

ಕೊನೆಗೆ ಸುಮ್ನೆ ಶಾಖ ತಡೆಯೋ ಕಪ್ಪು ಪೇಂಟ್ ಹೊಡೆದೆ. ಒಂದು ಡಬ್ಬ 450. ಥಿನ್ನರಿನಲ್ಲಿ ಒರೆಸಿ, 320ರಲ್ಲಿ ಮೈ ತರಿ ಮಾಡಿ, ತೆಳ್ಳಗೆ ಮೂರು ಕೋಟ್. ಒಣಗಿಸಲು ಅಲಮಾರದೊಳಗೆ ಬಲ್ಬ್ ಹಾಕಿಟ್ಟೆ, ಮಳೆಯಲ್ಲಿ ಬಟ್ಟೆಗೆ ಹಾಕುತ್ತೇವಲ್ಲ ಹಾಗೆ. ಮಳೆಗಾಲಗಳು ಕಳೆದರೂ ಹಾಗೇ ಇದೆ.

ಪೊನ್ನಂಪೇಟೆ ಎಸ್ಟೀಮ್:
ಪಾಲಿಶ್ ಬಗ್ಗೆ ಕೇಳಿದರೆ ಪೇಂಟ್ ಹೊಡಿ ಅಂದರೆ ಹೇಗೆ? ತಿಂಗಳಿಗೊಮ್ಮೆ ಟ್ಯೂಬ್ ಪಾಲಿಶ್ ಬಟ್ಟೆಯಲ್ಲಿ ಒರೆಸಿದರೆ ಹೊಳಪು ಹಾಗೇ ಇರುತ್ತದೆ. ಗಾಡಿ ಮೇಲೆ ಪ್ರೀತಿ ಇದ್ದವರಿಗೆ ಅದು ಕಷ್ಟ ಅಲ್ಲ.

ಭಾಗಮಂಡಲ:
ಪ್ರೀತಿ ಇಲ್ಲ ಅಂತ ಹೇಳೋಕೆ ನೀವು ಯಾರು? 1994ರಿಂದ ಅದೇ ಗಾಡಿ ಇಟ್ಟುಕೊಂಡಿದ್ದೇನೆ. ಬನ್ನಿ ಒಂದು ಆಗಸ್ಟಿನಲ್ಲಿ, ನಮ್ಮ ಶೆಡ್ಡಿನಲ್ಲಿ ನಿಮ್ಮ ಕವರ್ ಇಟ್ಟು ನೋಡೋಣ.

ವಿರಾಜಪೇಟೆ ಯೆಜ್ಡಿ:
ನನ್ನದು ಬೈಕ್, ಆದರೂ ಲೋಹ ಒಂದೇ ಅಲ್ವಾ. ಯೆಜ್ಡಿಯ ಎಂಜಿನ್ ಕವರ್ ಕಂಪನಿಯಿಂದಲೇ ಪಾಲಿಶ್ ಆಗಿ ಬರುತ್ತಿತ್ತು. ನಾನು ಪಾಲಿಶ್ ಮಾಡಿ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಸಿದೆ, 700 ರೂಪಾಯಿ. ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ಸೈಲೆನ್ಸರ್ ಹತ್ತಿರ ಹಳದಿ ಆಯಿತು. ಒಂದು ಕಲ್ಲು ಬಿದ್ದ ಗೀರಿನಿಂದ ಲ್ಯಾಕರ್ ಅಡಿಗೆ ನೀರು ಇಳಿದು ಬಿಳಿ ದಾರದ ಥರ ಹರಡಿತು. ಈಗ ಆ ಲ್ಯಾಕರ್ ಕೀಳುವುದೇ ದೊಡ್ಡ ಕೆಲಸ. ರಿಮೂವರ್ ಡಬ್ಬ 380, ಇನ್ನೂ ಪೂರ್ತಿ ಹೋಗಿಲ್ಲ. ಲ್ಯಾಕರ್ ಬೇಡ.

ಗೋಣಿಕೊಪ್ಪ ರ್‍ಯಾಲಿ:
ಕಾರಿನ ಮಾತಿನ ನಡುವೆ ಬೈಕ್ ಯಾಕೆ? ಗಾಳಿಯಲ್ಲಿ ತಣ್ಣಗಾಗೋ ಎಂಜಿನ್ನಿನ ಶಾಖವೇ ಬೇರೆ.

ವಿರಾಜಪೇಟೆ ಯೆಜ್ಡಿ:
ಲ್ಯಾಕರ್ ಕಿತ್ತು ಬರೋದಕ್ಕೆ ಅದು ಬೈಕಾ ಕಾರಾ ಅಂತ ಗೊತ್ತಿರಲ್ಲ ಸ್ವಾಮಿ.

ವಿರಾಜಪೇಟೆ ಜಿಪ್ಸಿ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕವರ್ ಮಾತ್ರ ಕೈಯಲ್ಲಿ ಶುರು ಮಾಡುತ್ತೇನೆ. ಮ್ಯಾನಿಫೋಲ್ಡ್ ಬಿಚ್ಚದೆ ಹಾಗೇ ಗಾಡಿಯಲ್ಲೇ ಉಜ್ಜಬಹುದಾ?

ಕುಶಾಲನಗರ ಲೇಥ್:
ಬೇಡ. ಕಾಗದದ ಪುಡಿ ಕಾರ್ಬ್ಯುರೇಟರಿಗೆ ಹೋದರೆ ಸಿದ್ದಾಪುರದವರ ಕಥೆಯೇ ನಿಮ್ಮದೂ. ಬಿಚ್ಚುವ ಮೊದಲು ಕೂಲೆಂಟ್ ಇಳಿಸಿ, ಜಿಪ್ಸಿ ಮ್ಯಾನಿಫೋಲ್ಡ್ ಒಳಗೆ ನೀರಿನ ದಾರಿ ಇದೆ. ಹೆಡ್‌ಗೆ ಕೂರುವ ಮುಖಕ್ಕೆ, ಕವರಿನ ಪ್ಯಾಕಿಂಗ್ ಅಂಚಿಗೆ ದಪ್ಪ ಟೇಪ್ ಅಂಟಿಸಿ, ಅಲ್ಲಿ ಒಂದು ಗೀರೂ ಬೀಳಬಾರದು. ಮುಗಿದ ಮೇಲೆ ಸೀಮೆಎಣ್ಣೆ, ಆಮೇಲೆ ಬಿಸಿ ಸೋಪು ನೀರು, ಆಮೇಲೆ ಗಾಳಿ. ಪ್ಯಾಕಿಂಗ್ ಹೊಸದೇ ಹಾಕಿ, ಹಳೇದಕ್ಕೆ ಗಮ್ ಮೆತ್ತಿ ಕೂರಿಸಬೇಡಿ.

ಮಡಿಕೇರಿ ಅಂಬಾಸಿಡರ್:
ಪ್ಯಾಕಿಂಗ್ ಮಾತು ಬಂತಲ್ಲ. ಅಂಬಾಸಿಡರಿಗೆ ಒಳ್ಳೆ ಕಾರ್ಕ್ ಪ್ಯಾಕಿಂಗ್ ಈಗ ಎಲ್ಲಿ ಸಿಗುತ್ತದೆ? ನನಗೆ ಸಿಕ್ಕಿದ್ದೆಲ್ಲ ಮುಟ್ಟಿದರೆ ಪುಡಿ. ಒಂದಕ್ಕೆ 160 ತಗೊಂಡರು.

ಪೊನ್ನಂಪೇಟೆ ಎಸ್ಟೀಮ್:
ನಿಮ್ಮ ಕವರಿನ ಅಂಚು ಬಗ್ಗಿದೆ ಅಂತ ನೀವೇ ಹೇಳಿದಿರಿ. ಮೊದಲು ಅದನ್ನು ಗಾಜಿನ ಮೇಲೆ ಕವುಚಿಟ್ಟು ನೋಡಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸರಿ ಮಾಡಿ. ಅದು ಬಿಟ್ಟು ಪ್ಯಾಕಿಂಗ್‌ನ ಯಾಕೆ ಬೈಯುತ್ತೀರಿ?

ಮಡಿಕೇರಿ ಅಂಬಾಸಿಡರ್:
3,900 ಕೊಟ್ಟ ಕ್ರೋಮ್ ಮೇಲೆ ಸುತ್ತಿಗೆ ಹೊಡೀರಿ ಅಂತ ಎಷ್ಟು ಸುಲಭವಾಗಿ ಹೇಳಿಬಿಟ್ಟಿರಿ.

ಕುಶಾಲನಗರ ಲೇಥ್:
ತುಕ್ಕು ಬಂದ ಕ್ರೋಮ್ ತಾನೇ. ಅಂಗಡಿಗೆ ತನ್ನಿ ಸರ್, ಮರದ ಸುತ್ತಿಗೆಯಲ್ಲಿ ನಾನೇ ತಟ್ಟಿ ಕೊಡುತ್ತೇನೆ. ಭಾನುವಾರ ಬಿಟ್ಟು ಯಾವತ್ತಾದರೂ ಬನ್ನಿ.