ರ‍್ಯಾಪರ್ ಸತ್ತ ಮೇಲೆ ಅವನ ಸೀಮೆಯ ಸಂಗೀತಕ್ಕೆ ಹೆಸರು ಬರುತ್ತಾ? ಬಂದರೆ ಉಳಿಯುತ್ತಾ?

ಹೇಮಾ_ಹೆಡ್‌ಫೋನ್ (ಪ್ರಶ್ನೆ):

ನನಗೂ ನನ್ನ ತಮ್ಮನಿಗೂ ಒಂದು ವಾದ ನಡೀತಾ ಇದೆ. ಮುಗಿಯೋ ಲಕ್ಷಣ ಇಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಅವನು ಹೇಳೋದು ಇಷ್ಟು: ಒಂದು ಸೀಮೆಯ ರ‍್ಯಾಪ್ ಹೊರಗಿನವರ ಕಿವಿಗೆ ಬೀಳಬೇಕು ಅಂದರೆ ಅಲ್ಲಿನ ಒಬ್ಬ ದೊಡ್ಡ ಹುಡುಗ ಸಾಯಬೇಕು. ಕೇಳೋಕೆ ಕೆಟ್ಟದಾಗಿದೆ. ಆದರೆ ಉದಾಹರಣೆ ಕೊಡ್ತಾನೆ. 2022ರ ಮೇ 29ರಂದು ಪಂಜಾಬಿ ರ‍್ಯಾಪರ್ ಸಿಧು ಮೂಸೆವಾಲಾ ಕೊಲೆಯಾಯಿತು. ಪಂಜಾಬಿನ ಮಾನಸಾ ಜಿಲ್ಲೆ ಎಲ್ಲಿದೆ ಅಂತ ಗೊತ್ತಿಲ್ಲದವರೂ ಆ ವಾರ ಅವನ ಹಾಡು ಹಾಕಿಕೊಂಡು ಕೂತರು. '295' ಬಿಲ್‌ಬೋರ್ಡ್ ಗ್ಲೋಬಲ್ 200 ಅನ್ನೋ ಜಾಗತಿಕ ಹಾಡುಗಳ ಪಟ್ಟಿಗೆ ಏರಿತು. ಮರುವರ್ಷ ಪಂಜಾಬಿ ಗಾಯಕ ದಿಲ್ಜಿತ್ ದೋಸಾಂಜ್ ಅಮೆರಿಕದ ಕೋಚೆಲಾ ಸಂಗೀತೋತ್ಸವದಲ್ಲಿ ಹಾಡಿದರು, ಎ.ಪಿ. ಧಿಲ್ಲೋನ್ ಕೂಡ. 'ಈಗ ಹೇಳು, ದಾರಿ ಮಾಡಿಕೊಟ್ಟಿದ್ದು ಯಾರು?' ಅಂತ ತಮ್ಮ.

ನನಗೆ ಯಾಕೋ ಒಪ್ಪಿಗೆ ಆಗಲ್ಲ. ಅದೇ 2022ರ ಮಾರ್ಚ್‌ನಲ್ಲಿ ಮುಂಬೈನ ಸ್ವದೇಶಿ ತಂಡದ ಎಂಸಿ ತೋಡ್‌ಫೋಡ್ ತೀರಿಕೊಂಡ. ನಿಜವಾದ ಹೆಸರು ಧರ್ಮೇಶ್ ಪರ್ಮಾರ್. ಬರೀ 24 ವಯಸ್ಸು. ಗುಜರಾತಿಯಲ್ಲಿ ರ‍್ಯಾಪ್ ಮಾಡುತ್ತಿದ್ದ ಹುಡುಗ. 'ಗಲ್ಲಿ ಬಾಯ್' ಚಿತ್ರದ ಒಂದು ಹಾಡಲ್ಲೂ ಅವನ ದನಿ ಇದೆ. ಸುದ್ದಿ ಬಂದಾಗ ನನ್ನ ಪರಿಚಯದವರೆಲ್ಲ ಸ್ಟೇಟಸ್ ಹಾಕಿದರು. ಆಮೇಲೆ ಗುಜರಾತಿ ರ‍್ಯಾಪ್ ಹುಡುಕಿಕೊಂಡು ಹೋದವರನ್ನ ನಾನಂತೂ ನೋಡಿಲ್ಲ.

ಸಾವಿನಿಂದ ಬರುವ ಹೆಸರು ಸತ್ತವನಿಗೋ, ಅವನ ಹಿಂದೆ ಇದ್ದ ಸಂಗೀತಕ್ಕೋ? ಐದಾರು ವರ್ಷ ಕಳೆದ ಮೇಲೂ ಉಳಿದುಕೊಂಡ ಉದಾಹರಣೆ ಇದ್ದರೆ ಹೇಳಿ. ಯಾವ ರ‍್ಯಾಪರ್ ದೊಡ್ಡವನು ಅನ್ನೋ ಜಗಳ ಮಾತ್ರ ಬೇಡ, ಪ್ಲೀಸ್.

ಹಳೇ_ಕ್ಯಾಸೆಟ್:

ನನ್ನ ಓಟು ತಮ್ಮನಿಗೆ. ಮ್ಯಾಕ್ ಡ್ರೆ ಒಬ್ಬನ ಕಥೆ ಸಾಕು.

ಕ್ಯಾಲಿಫೋರ್ನಿಯಾದ ವಲೇಹೋದವನು. 2004ರ ನವೆಂಬರ್ 1ರಂದು ಕಾನ್ಸಾಸ್ ಸಿಟಿಯಲ್ಲಿ ಗುಂಡಿಟ್ಟು ಕೊಂದರು. 34 ವರ್ಷ. ಬದುಕಿದ್ದಾಗ ಬೇ ಏರಿಯಾ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲ ಸೀಮೆ) ದಾಟಿದರೆ ಅವನನ್ನು ಬಲ್ಲವರು ಕಡಿಮೆ. 2006ಕ್ಕೆ ಅದೇ ಸೀಮೆಯ ರ‍್ಯಾಪರ್ ಇ-40ರ 'ಟೆಲ್ ಮಿ ವೆನ್ ಟು ಗೋ' ಬಂತು, ಹೈಫಿ ಅನ್ನೋ ಇವರಿಬ್ಬರ ಸೀಮೆಯ ಕುಣಿತದ ಸಂಗೀತ ಅಮೆರಿಕ ಪೂರ್ತಿ ಗೊತ್ತಾಯಿತು. ಸತ್ತು ಏಳು ವರ್ಷ ಆದಮೇಲೆ ಕೆನಡಾದ ಸ್ಟಾರ್ ರ‍್ಯಾಪರ್ ಡ್ರೇಕ್ 'ದಿ ಮೋಟೊ' ಮಾಡಿದ. ಅದರ ವಿಡಿಯೊ ಶುರುವಾಗೋದೇ ಮ್ಯಾಕ್ ಡ್ರೆಯ ತಾಯಿಯ ಮಾತಿನಿಂದ. ಇದಕ್ಕಿಂತ ಬೇರೆ ಹೆಸರು ಏನು ಬೇಕು?

ಹಾಡಿನ_ಗುಮಾಸ್ತ:

ಕ್ಯಾಸೆಟ್ ಗುರುಗಳೇ, ನೀವು ಹೇಳಿದ್ದೆಲ್ಲ ಸರಿ. ಆದರೆ ಅದೇ ಕಥೆಯನ್ನ 2004ರಿಂದ ಹಿಂದಕ್ಕೆ ಓದಿ ನೋಡಿ.

ಬೇ ಏರಿಯಾದಲ್ಲಿ ಟೂ ಶಾರ್ಟ್, ಇ-40 ಇವರೆಲ್ಲ ಕಾರಿನ ಡಿಕ್ಕಿಯಲ್ಲಿ ಟೇಪ್ ಇಟ್ಟುಕೊಂಡು ಮಾರಿ ಬೆಳೆದವರು. ದೊಡ್ಡ ಕಂಪನಿ ಬರಲಿ ಅಂತ ಕಾಯಲಿಲ್ಲ. ಮ್ಯಾಕ್ ಡ್ರೆ 1992ರಲ್ಲಿ ಬ್ಯಾಂಕ್ ದರೋಡೆ ಸಂಚಿನ ಕೇಸಲ್ಲಿ ಒಳಗೆ ಹೋದ. ಫ್ರೆಸ್ನೊ ಜೈಲಿನ ಫೋನಲ್ಲಿ ಸಾಲು ಹೇಳಿ ಹಾಡು ರೆಕಾರ್ಡ್ ಮಾಡಿಸಿದ! ಹೊರಗೆ ಬಂದು ಥಿಜ್ ಅಂತ ತನ್ನದೇ ಲೇಬಲ್ (ಹಾಡು ಬಿಡುಗಡೆ ಮಾಡುವ ಕಂಪನಿ) ಕಟ್ಟಿದ. ಅಂದರೆ ಅವನು ಸಾಯೋ ಹೊತ್ತಿಗೆ ಲೇಬಲ್ ಇತ್ತು, ಟೇಪ್ ಮಾರುವವರು ಇದ್ದರು, ಹಾಡನ್ನ ಬಾಯಿಪಾಠ ಮಾಡಿದ ಒಂದು ತಲೆಮಾರೇ ಇತ್ತು. ಹೊರಗಿನವರು ಬಂದು ನೋಡಿದಾಗ ನೋಡೋಕೆ ಏನೋ ಸಿಕ್ಕಿತು.

ಇನ್ನು 2006ರ ಹಾಡು. ಅದರ ಬೀಟ್ (ಸಾಲುಗಳ ಹಿಂದೆ ಓಡುವ ಸಂಗೀತ) ಮಾಡಿದ್ದು ಅಟ್ಲಾಂಟದ ಲಿಲ್ ಜಾನ್. ಬಿಡುಗಡೆಯ ಹಿಂದೆ ವಾರ್ನರ್ ಅನ್ನೋ ದೊಡ್ಡ ಕಂಪನಿ ಇತ್ತು. ದೇಶದ ತುಂಬ ಕೇಳಿಸಿದ್ದಕ್ಕೆ ಇವೂ ಕಾರಣ ಅಲ್ವಾ? ಒಂದೆರಡು ವರ್ಷದಲ್ಲಿ ದೊಡ್ಡ ಕಂಪನಿಗಳಿಗೆ ಹೈಫಿ ಬೇಡವಾಯಿತು. ಹೊರಗಿನ ಹೆಸರು ಬಂದ ಹಾಗೇ ಹೋಯಿತು. ಹಾಗಾದರೂ ಡ್ರೇಕ್ ಹುಡುಕಿಕೊಂಡು ಬಂದಾಗ ಮಾತಾಡೋಕೆ ಆ ತಾಯಿ ಇದ್ದರು. ಲೇಬಲ್ ನೋಡಿಕೊಂಡವರೂ ಅವರೇ. ನನಗೆ ಈ ಕಥೆಯಲ್ಲಿ ದೊಡ್ಡದಾಗಿ ಕಾಣೋದು ಅದು.

ಯಾಕೆ ಹೀಗೆ ಹೇಳ್ತೀನಿ ಅಂದರೆ, ಕಲಾವಿದರ ಹಾಡುಗಳನ್ನ ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಏರಿಸುವ ಒಂದು ಕಂಪನಿಯಲ್ಲಿ ನನ್ನ ಕೆಲಸ. ಕಂಪನಿ ಹೆಸರು ಬೇಡ. ಕೂತು ಟೈಪ್ ಮಾಡೋದು: ಹಾಡಿನ ಹೆಸರು, ಬೀಟ್ ಯಾರದು, ಯಾರಿಗೆ ಎಷ್ಟು ಪಾಲು. ಬೇಜಾರಿನ ಕೆಲಸ. ಆದರೆ ಒಬ್ಬ ಹುಡುಗ ಸತ್ತಾಗ ಏನಾಗುತ್ತೆ ಅಂತ ಹತ್ತಿರದಿಂದ ಕಾಣುತ್ತೆ.

ಮೊದಲ ವಾರ ಕೇಳುವವರು ಧುಮ್ಮಿಕ್ಕುತ್ತಾರೆ. ಅದೇ ವಾರ ಮನೆಯವರ ಫೋನ್ ಬರುತ್ತೆ: 'ಅವನ ಅಕೌಂಟಿಗೆ ಹೋಗೋಕೆ ಆಗ್ತಿಲ್ಲ.' ಓಟಿಪಿ ಅವನ ನಂಬರಿಗೆ ಹೋಗುತ್ತೆ. ಆ ಮೊಬೈಲ್ ಎಷ್ಟೋ ಸಲ ಪೊಲೀಸರ ಹತ್ತಿರ ಇರುತ್ತೆ. ಕೆಲವು ಕಡೆ ವರ್ಷಕ್ಕೊಮ್ಮೆ ಫೀಸು ಕಟ್ಟಬೇಕು. ಕಟ್ಟುವವನೇ ಇಲ್ಲ ಅಂದರೆ ಹಾಡು ಕೆಳಗಿಳಿಯುತ್ತೆ. ಹೊಸಬರು ಹುಡುಕಿಕೊಂಡು ಬರೋ ಹೊತ್ತಿಗೆ ಸಿಗೋದು ಯಾರೋ ಕದ್ದು ಹಾಕಿದ ಯೂಟ್ಯೂಬ್ ಕಾಪಿ, ಅದರ ಮೇಲೆ ಯಾವುದೋ ಅಪರಿಚಿತ ಚಾನಲ್ಲಿನ ಹೆಸರು.

ಬೀಟ್‌ಗಳ ಕಥೆ ಇನ್ನೂ ಕಷ್ಟ. ಬಹಳಷ್ಟು ಹುಡುಗರು ಆನ್‌ಲೈನಲ್ಲಿ ಬಾಡಿಗೆ ಬೀಟ್ ತಗೋತಾರೆ. ಇಷ್ಟು ಸಲ ಕೇಳುವವರೆಗೆ ಮಾತ್ರ ಅಂತ ಕರಾರಲ್ಲಿ ಮಿತಿ ಇರುತ್ತೆ. ಬದುಕಿದ್ದಾಗ ಆ ಮಿತಿ ಹತ್ತಿರಕ್ಕೂ ಬರಲ್ಲ, ಸತ್ತ ವಾರ ದಾಟಿಬಿಡುತ್ತೆ. ಆಗ ಬೀಟ್ ಮಾಡಿದವನು ತಕರಾರು ಹಾಕ್ತಾನೆ. ಅವನದ್ದೂ ತಪ್ಪಿಲ್ಲ. ಇನ್ನು ಜೊತೆಗೆ ಹಾಡಿದ ಊರಿನ ಬೇರೆ ಹುಡುಗರು? ಫಾರ್ಮಲ್ಲಿ ಅವರ ಹೆಸರೇ ತುಂಬಿರಲ್ಲ. ಹಾಡಿನಲ್ಲಿ ಮೂರು ದನಿ ಕೇಳಿಸುತ್ತೆ, ಆ್ಯಪಲ್ಲಿ ಒಂದೇ ಹೆಸರು. ಕೇಳುಗನಿಗೆ ಎರಡನೇ ದನಿ ಹಿಡಿಸಿದರೂ ಅದನ್ನ ಒತ್ತಿ ಮುಂದಕ್ಕೆ ಹೋಗೋಕೆ ದಾರಿ ಇಲ್ಲ. ಹೇಮಾ ಅವರೇ, ಹೆಸರು ಆ ಒಬ್ಬನ ಹತ್ತಿರವೇ ನಿಂತುಬಿಡೋಕೆ ಇದೂ ಒಂದು ಕಾರಣ. ಮಳೆ ಎಷ್ಟು ಹೊಯ್ದರೇನು, ಕೆರೆಗೆ ಏರಿ ಇದ್ದರೆ ತಾನೇ ನೀರು ನಿಲ್ಲೋದು.

ಸಿಧು ವಿಷಯಕ್ಕೆ ಬಂದರೆ, ಅವನು ಓದೋಕೆ ಅಂತ ಕೆನಡಾದ ಬ್ರಾಂಪ್ಟನ್‌ಗೆ ಹೋಗಿ ಅಲ್ಲಿಂದ ಹಾಡು ಶುರು ಮಾಡಿದವನು. ಅಲ್ಲಿ ಪಂಜಾಬಿ ಕೇಳುಗರು, ಸ್ಟುಡಿಯೊ, ಶೋ ನಡೆಸುವವರು ಎಲ್ಲ ಮೊದಲೇ ಇದ್ದರು. ಧಿಲ್ಲೋನ್‌ನ 'ಬ್ರೌನ್ ಮುಂಡೆ' ಬಂದಿದ್ದು 2020ರಲ್ಲಿ, ಸಿಧು ಇನ್ನೂ ಬದುಕಿದ್ದಾಗ. ಕೋಚೆಲಾದ ದಾರಿಯನ್ನ ಅವನ ಸಾವು ಮಾಡಿಕೊಡಲಿಲ್ಲ.

ಹೇಮಾಳ_ತಮ್ಮ:

ನಾನೇ ಆ ತಮ್ಮ. ಅಕ್ಕ ನನ್ನ ಮಾತನ್ನ ಅರ್ಧ ಮಾತ್ರ ಹಾಕಿದ್ದಾಳೆ.

'ಸಾಯಬೇಕು' ಅಂತ ನಾನು ಖುಷಿಯಿಂದ ಹೇಳಿದ್ದಲ್ಲ ಅಕ್ಕ. ಹೊರಗಿನ ಪತ್ರಿಕೆಗಳು ಬೇರೆ ಯಾವಾಗಲೂ ತಿರುಗಿ ನೋಡಲ್ಲ ಅಂತ ಸಿಟ್ಟಿನಿಂದ ಹೇಳಿದ್ದು. ಬದುಕಿರೋ ರ‍್ಯಾಪರ್ ಬಗ್ಗೆ ಬರೆಯಿರಿ ಅಂದರೆ 'ಆ್ಯಂಗಲ್ ಏನು?' ಅಂತಾರೆ. ಸತ್ತರೆ ಅದೇ ಆ್ಯಂಗಲ್.

ಪಾಪ್ ಸ್ಮೋಕ್ ನೋಡಿ. ಬ್ರೂಕ್ಲಿನ್ನಿನ ಕನಾರ್ಸಿಯ ಹುಡುಗ, 20 ವರ್ಷ. 2020ರ ಫೆಬ್ರವರಿ 19ರಂದು ಲಾಸ್ ಏಂಜಲೀಸ್‌ನಲ್ಲಿ ಮನೆಗೆ ನುಗ್ಗಿ ಕೊಂದರು. ಜುಲೈನಲ್ಲಿ ಬಂದ ಆಲ್ಬಂ ನೇರ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೆ ಹೋಯಿತು. ಆ ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಪೊಲೀಸರ ವಿರುದ್ಧ ಬೀದಿಗಿಳಿದವರು 'ಡಿಯೋರ್' ಹಾಡು ಹಾಕಿಕೊಂಡು ಕುಣಿದರು. ಬ್ರೂಕ್ಲಿನ್ನಿನ ಡ್ರಿಲ್ ಅನ್ನೋ ರ‍್ಯಾಪ್ ಶೈಲಿ ಏನು ಅಂತ ಗೊತ್ತಿಲ್ಲದವರಿಗೂ ಗೊತ್ತಾಯಿತು. ಗುಮಾಸ್ತ ಸರ್, ಇಲ್ಲೂ ಫಾರ್ಮ್ ತುಂಬಿದ್ದೇ ಕಾರಣ ಅಂತೀರಾ?

ಬೀಟ್_ಭಟ್ರು:

ತಮ್ಮಾ, ಸಿಟ್ಟು ಸರಿ, ಉದಾಹರಣೆ ಸ್ವಲ್ಪ ಜಾರುತ್ತೆ. ನಾನು ಬೀಟ್ ಮಾಡುವವನು, ಆ ಕಡೆಯಿಂದ ಹೇಳ್ತೀನಿ.

ಪಾಪ್ ಸ್ಮೋಕ್‌ನ 'ವೆಲ್‌ಕಮ್ ಟು ದಿ ಪಾರ್ಟಿ', 'ಡಿಯೋರ್' ಎರಡರ ಬೀಟೂ ಲಂಡನ್ನಿನ 808ಮೆಲೋದು. ಡ್ರಿಲ್ ಹುಟ್ಟಿದ್ದು ಷಿಕಾಗೋದಲ್ಲಿ. ಲಂಡನ್ನಿಗೆ ಹೋಗಿ ಬೇಸ್ (ತಗ್ಗಿನ ದನಿ) ಜಾರುವ ಹಾಗೆ ಬದಲಾಯಿತು, ಅಲ್ಲಿಂದ ಬ್ರೂಕ್ಲಿನ್‌ಗೆ ಬಂತು. ಫೆಬ್ರವರಿ 7ಕ್ಕೆ ಬಿಟ್ಟ ಅವನ ಎರಡನೇ ಮಿಕ್ಸ್‌ಟೇಪ್ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಹತ್ತರೊಳಗೆ ಬಂದಿತ್ತು. ಅಂದರೆ ಗಾಡಿ ಆಗಲೇ ಓಡ್ತಾ ಇತ್ತು. ಜುಲೈ ಆಲ್ಬಮ್ಮಿನಲ್ಲಿ ಮೆತ್ತನೆ ಪ್ರೇಮದ ಹಾಡುಗಳೂ ಇವೆ. ಜಾಸ್ತಿ ಜನ ಕೇಳಲಿ ಅಂತ ಜೋಡಿಸಿದ್ದು, ತಪ್ಪಲ್ಲ. ಆದರೆ ಅದರಿಂದ ಕನಾರ್ಸಿಯ ಉಳಿದ ಹುಡುಗರಿಗೆ ಸ್ಟೇಜ್ ಸಿಕ್ಕಿತಾ? 2019ರಲ್ಲಿ ಪೊಲೀಸರು ಪತ್ರ ಬರೆದು ರೋಲಿಂಗ್ ಲೌಡ್ ಉತ್ಸವದಿಂದ ಪಾಪ್ ಸ್ಮೋಕ್ ಸೇರಿ ಐವರನ್ನು ತೆಗೆಸಿದ್ದರು. 2022ರಲ್ಲಿ ಆಗಿನ ನ್ಯೂಯಾರ್ಕ್ ಮೇಯರ್ ಎರಿಕ್ ಆ್ಯಡಮ್ಸ್ ಡ್ರಿಲ್ ವಿಡಿಯೊಗಳನ್ನು ಸೋಷಿಯಲ್ ಮೀಡಿಯಾದಿಂದ ತೆಗೀಬೇಕು ಅನ್ನೋ ಮಾತೆತ್ತಿದರು. ನಂಬರ್ ಒನ್ ಆಲ್ಬಂ ಬಂದು ಎರಡು ವರ್ಷ ಆಗಿರಲಿಲ್ಲ.

ನನಗೆ ಇದರಲ್ಲಿ ಯಾವಾಗಲೂ ಕಾಡೋದು ಡೆಟ್ರಾಯ್ಟ್. ಒಂದೇ ಊರಿನ ಇಬ್ಬರು, ಒಂದೇ ವರ್ಷ, ಎರಡು ಸಾವು. 2006ರ ಫೆಬ್ರವರಿ 10ಕ್ಕೆ ಬೀಟ್ ಮಾಡುವ ಜೆ ಡಿಲ್ಲಾ, ಏಪ್ರಿಲ್ 11ಕ್ಕೆ ರ‍್ಯಾಪರ್ ಪ್ರೂಫ್. ಡಿಲ್ಲಾ ಡ್ರಮ್ಮನ್ನ ಪೂರ್ತಿಯಾಗಿ ಮೆಷಿನ್ನಿನ ಲೆಕ್ಕಕ್ಕೆ ಕಟ್ಟಿಹಾಕುತ್ತಿರಲಿಲ್ಲ. ಏಟು ಚೂರು ಹಿಂದೆ, ಚೂರು ಮುಂದೆ. ಕುಡಿದವನ ನಡಿಗೆ ಥರ ಕೇಳುತ್ತೆ, ಆದರೆ ಬೀಳಲ್ಲ. ಅದನ್ನ ಜಗತ್ತಿನ ಯಾವ ಮೂಲೆಯಲ್ಲಿ ಕೂತವನೂ ಕೇಳಿ ಕೇಳಿ ಕಲಿಯಬಹುದು. ನಾನೂ ಹಾಗೇ ಕಲಿತೆ. ಅವನು ಬೀಟ್ ಕಟ್ಟುತ್ತಿದ್ದ ಎಂಪಿಸಿ ಮೆಷಿನ್ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಅವನ ಆಸ್ತಿ, ಹಾಡಿನ ಹಕ್ಕಿನ ಜಗಳ ವರ್ಷಗಟ್ಟಲೆ ನಡೆಯಿತು. ಆದರೂ ಕೆಲಸ ಉಳಿಯಿತು, ಯಾಕೆಂದರೆ ಅದು ಸಾವಿರಾರು ಕೈಗೆ ದಾಟಿತ್ತು. ಗುಮಾಸ್ತರೇ, ಇದು ನಿಮ್ಮ ಫಾರ್ಮಿನ ಲೆಕ್ಕಕ್ಕೆ ಸಿಗಲ್ಲ ನೋಡಿ.

ಪ್ರೂಫ್ ಮಾಡಿದ್ದು ಬೇರೆ ಥರದ ಕೆಲಸ. ಹಿಪ್ ಹಾಪ್ ಶಾಪ್ ಅನ್ನೋ ಬಟ್ಟೆ ಅಂಗಡಿಯಲ್ಲಿ ರ‍್ಯಾಪ್ ಪೈಪೋಟಿ ನಡೆಸುತ್ತಿದ್ದ. ಆಮೇಲೆ ಜಗತ್ತಿಗೇ ಗೊತ್ತಾದ ರ‍್ಯಾಪರ್ ಎಮಿನೆಮ್ ಪಳಗಿದ ಜಾಗ ಅದು. ಹುಡುಗರನ್ನ ಒಂದು ಕಡೆ ಸೇರಿಸೋದು, ಮುನಿಸು ಬಿಡಿಸೋದು, ಹೊಸಬನಿಗೆ ಮೈಕ್ ಕೊಡಿಸೋದು. ಇದು ಯಾವ ರೆಕಾರ್ಡಿಂಗಲ್ಲೂ ಸಿಗಲ್ಲ. ಅವನು ಹೋದ ಮೇಲೆ ಸುದ್ದಿಯಲ್ಲಿ ಬಂದಿದ್ದು 'ಎಮಿನೆಮ್ ಗೆಳೆಯ' ಅಂತ. ಡೆಟ್ರಾಯ್ಟ್ ರ‍್ಯಾಪ್ ಬಗ್ಗೆ ಮತ್ತೆ ದೇಶದ ತುಂಬ ಮಾತಾಗಿದ್ದು ಹತ್ತು ವರ್ಷದ ಮೇಲೆ, ಅದೇ ಊರಿನ ಟೀ ಗ್ರಿಜ್ಲಿಯ 'ಫಸ್ಟ್ ಡೇ ಔಟ್' ಬಂದಾಗ. ಅದಕ್ಕೂ ಪ್ರೂಫ್ ಸಾವಿಗೂ ಸಂಬಂಧವೇ ಇಲ್ಲ.

ಹ್ಯೂಸ್ಟನ್ನಿನದು ಇನ್ನೊಂದು ವಿಚಿತ್ರ. ಡಿಜೆ ಸ್ಕ್ರೂ ರ‍್ಯಾಪರ್ ಅಲ್ಲ, ಆದರೂ ಹೇಳಲೇಬೇಕು. ಹಾಡನ್ನ ನಿಧಾನ ಮಾಡಿ, ಕತ್ತರಿಸಿ, ಊರಿನ ಹುಡುಗರ ದನಿ ಸೇರಿಸಿ ಟೇಪ್ ಮಾಡುತ್ತಿದ್ದ. 2000ದ ನವೆಂಬರ್ 16ಕ್ಕೆ ತನ್ನ ಸ್ಟುಡಿಯೊದಲ್ಲೇ ಸತ್ತ. 29 ವರ್ಷ. ಹ್ಯೂಸ್ಟನ್ನಿಗೆ ದೊಡ್ಡ ಹೆಸರು ಬಂದಿದ್ದು 2005ರಲ್ಲಿ. ಮೈಕ್ ಜೋನ್ಸ್, ಸ್ಲಿಮ್ ಥಗ್, ಪಾಲ್ ವಾಲ್. ಪಾಲ್ ವಾಲ್ ಆಲ್ಬಂ ನಂಬರ್ ಒನ್. ಆದರೆ ಇವರೆಲ್ಲ ಊರಿನ ಉತ್ತರ ಭಾಗದ ಸ್ವಿಷಾಹೌಸ್ ಲೇಬಲ್ ಕಡೆಯವರು. ಸ್ಕ್ರೂ ದಕ್ಷಿಣ ಭಾಗದವನು. ಅವನ ಜೊತೆ ಕೂತು ಟೇಪ್ ಮಾಡಿದವರಲ್ಲಿ ಬಹಳಷ್ಟು ಮಂದಿಗೆ ಅಷ್ಟು ದುಡ್ಡು ಸಿಗಲಿಲ್ಲ. ಈಗ ಇಂಟರ್ನೆಟ್ ತುಂಬ ನಿಧಾನ ಮಾಡಿದ ಹಾಡುಗಳೇ. ಅದನ್ನ ಹಾಕುವ ಹುಡುಗರಿಗೆ ಹ್ಯೂಸ್ಟನ್ ನೆನಪಿರುತ್ತಾ? ನನಗೆ ಅನುಮಾನ. ಪುಣ್ಯಕ್ಕೆ ಸ್ಕ್ರೂನ ರೆಕಾರ್ಡುಗಳನ್ನ ಹ್ಯೂಸ್ಟನ್ ವಿಶ್ವವಿದ್ಯಾಲಯದ ಲೈಬ್ರರಿ ಎತ್ತಿಟ್ಟುಕೊಂಡಿದೆ.

ಹಾಡಿನ_ಗುಮಾಸ್ತ:

ಭಟ್ರೇ, ಡಿಲ್ಲಾ ವಿಷಯ ಒಪ್ಪಿದೆ. ಕೈಗೆ ದಾಟಿದ್ದನ್ನ ಯಾರೂ ಕೆಳಗಿಳಿಸೋಕೆ ಆಗಲ್ಲ. ಆದರೆ ಪ್ರೂಫ್ ಬಗ್ಗೆ ನೀವು ಬರೆದಿದ್ದು ನನ್ನ ಮಾತಿಗೇ ಬಲ ಕೊಡುತ್ತೆ. ಒಬ್ಬನ ಸಾವಿನಿಂದ ಹೆಸರು ಬರುತ್ತೆ ಅನ್ನುವವರು ಆ ಸಾವು ಏನು ಕಿತ್ತುಕೊಂಡು ಹೋಯಿತು ಅಂತ ಲೆಕ್ಕ ಹಾಕಲ್ಲ. ಹೈಫಿ ಹೊರಗೆ ಹೋದಾಗ ಮ್ಯಾಕ್ ಡ್ರೆ ಬದುಕಿದ್ದಿದ್ದರೆ? ಲೇಬಲ್ಲಿನವರ ಎದುರು ಕೂತು ವ್ಯವಹಾರ ಮಾತಾಡೋಕೆ ಊರಿಗೆ ಒಬ್ಬ ಯಜಮಾನ ಇರುತ್ತಿದ್ದ.

ಹೇಮಾಳ_ತಮ್ಮ:

ಸರ್, ಒಂದು ಕೆಲಸದ ಪ್ರಶ್ನೆ. ನಾವು ನಾಲ್ಕು ಜನ ಸೇರಿ ಹಾಡು ಮಾಡ್ತೀವಿ. (ಅಕ್ಕ ಇದನ್ನೂ ಬಿಟ್ಟಿದ್ದಾಳೆ.) ಎಲ್ಲ ಹಾಡೂ ನನ್ನ ಒಂದೇ ಮೇಲ್ ಐಡಿಯಲ್ಲಿವೆ. ಬೀಟ್ ಎರಡು ಬಾಡಿಗೆಯದು. ಈಗ ಏನು ಮಾಡಬೇಕು?

ಹಾಡಿನ_ಗುಮಾಸ್ತ:

ಒಂದೊಂದು ಹಾಡಿಗೂ ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ನಾಲ್ಕು ಹೆಸರೂ ಆ್ಯಪಲ್ಲಿ ಕಾಣುವ ಹಾಗೆ ತಿದ್ದಿಸಿ, ಹಾಡು ಆ್ಯಪಿಗೆ ಏರಿಸುವ ನಿಮ್ಮ ಡಿಸ್ಟ್ರಿಬ್ಯೂಟರ್‌ಗೆ ಮೇಲ್ ಹಾಕಿದರೆ ಸಾಧಾರಣವಾಗಿ ಮಾಡಿಕೊಡ್ತಾರೆ. ಬಾಡಿಗೆ ಬೀಟ್‌ನ ಕರಾರು ಪತ್ರ ಹುಡುಕಿ, ಮಿತಿ ಎಷ್ಟಿದೆ ನೋಡಿ. ಹಾಡಿನ ಮೂಲ ಫೈಲುಗಳ ಕಾಪಿ ಇನ್ನೊಬ್ಬರ ಮನೆಯಲ್ಲಿ ಇರಲಿ. ಲಾಗಿನ್ ವಿವರ ನಿಮ್ಮನ್ನು ಬಿಟ್ಟು ಇನ್ನೊಬ್ಬರಿಗಾದರೂ ಗೊತ್ತಿರಬೇಕು.

ಹೇಮಾ_ಹೆಡ್‌ಫೋನ್:

ಆ ಇನ್ನೊಬ್ಬರು ನಾನೇ. ಪಾಸ್‌ವರ್ಡ್ ಇವತ್ತೇ ಕಳಿಸು. ಮತ್ತೆ ಆ ಎರಡನೇ ಹಾಡಲ್ಲಿ ಕೊನೆಗೆ ಬರೋ ದನಿ ಯಾರದು? ಅವನ ಹೆಸರು ಎಲ್ಲೂ ಇಲ್ಲವಲ್ಲೋ.